ಕ್ಲಚ್ಚು ಕೊಳ್ಳುವ ಮುನ್ನ ಲೆಕ್ಕ ಹಾಕಿರಿ

ಮೋಟಾರು ಪಂದ್ಯದ ಮಾತು ಬಂದೊಡನೆ ನಮ್ಮ ತರುಣರ ಮನಸ್ಸು ಎಂಜಿನ್ನಿನ ಕಡೆಗೆ ಓಡುತ್ತದೆ. ಕಾರ್ಬ್ಯುರೇಟರು, ಕ್ಯಾಂಷಾಫ್ಟು, ಹೊಗೆಕೊಳವೆ ಇವುಗಳನ್ನು ಕುರಿತು ಗಂಟೆಗಟ್ಟಲೆ ಚರ್ಚೆ ನಡೆಯುತ್ತದೆ. ಎರಡು ಅಶ್ವಶಕ್ತಿಯನ್ನು ಹೆಚ್ಚಿಸಿಕೊಳ್ಳುವುದಕ್ಕಾಗಿ ತಿಂಗಳುಗಟ್ಟಲೆ ಶ್ರಮಪಡುವವರೂ ಉಂಟು. ಆದರೆ ಆ ಶಕ್ತಿಯು ಗಾಲಿಯನ್ನು ಮುಟ್ಟುವ ಹಾದಿಯಲ್ಲಿ ಮೊಟ್ಟಮೊದಲನೆಯ ಸುಂಕದ ಕಟ್ಟೆಯಂತಿರುವ ಕ್ಲಚ್ಚಿನ ನೆನಪು ಬರುವುದು, ಸುಟ್ಟ ವಾಸನೆ ಮೂಗಿಗೆ ಬಡಿದ ಮೇಲೆಯೇ. ಆಗ ಆತುರದಲ್ಲಿ ಅಂಗಡಿಗೆ ಹೋಗಿ, ಇರುವುದರಲ್ಲೆಲ್ಲ ಬಲವಾದದ್ದನ್ನು ಕೊಡಿ ಎಂದು ಕೇಳುವುದು ವಾಡಿಕೆಯಾಗಿಬಿಟ್ಟಿದೆ. ಈ ವಾಡಿಕೆ ತಪ್ಪೆಂಬುದು ನಮ್ಮ ಅಭಿಪ್ರಾಯ. ಕ್ಲಚ್ಚನ್ನು ಆರಿಸತಕ್ಕದ್ದು ಧೈರ್ಯದಿಂದಲ್ಲ, ಹೆಸರನ್ನು ಕೇಳಿಯೂ ಅಲ್ಲ. ಹೈಸ್ಕೂಲಿನ ಭೌತಶಾಸ್ತ್ರ ಬಲ್ಲವರು ಅರ್ಧ ಹಾಳೆಯ ಮೇಲೆ ಮಾಡಬಹುದಾದ ಲೆಕ್ಕದಿಂದ.

ನಾವು ಹೇಳುತ್ತಿರುವುದು ಹವ್ಯಾಸಿಗಳನ್ನು ಕುರಿತು. ದೊಡ್ಡ ಸಂಸ್ಥೆಗಳ ಪಂದ್ಯಗಾರರಿಗೆ ನಮ್ಮ ಸಲಹೆ ಬೇಕಿಲ್ಲ. ಹವ್ಯಾಸಿಗಳ ಲೋಕವೇನೂ ಸಣ್ಣದಲ್ಲ. ಇಂಗ್ಲೆಂಡಿನಲ್ಲಿ 1939ರಲ್ಲಿ ಹುಟ್ಟಿದ 750 ಮೋಟಾರ್ ಕ್ಲಬ್ಬು, ಆಸ್ಟಿನ್ ಸೆವೆನ್ ಎಂಬ 747 ಘನ ಸೆಂಟಿಮೀಟರಿನ ಪುಟ್ಟ ಸಂಸಾರದ ಕಾರನ್ನೇ ಪಂದ್ಯದ ಕಾರಾಗಿ ಮಾರ್ಪಡಿಸುವವರ ಕೂಟ. ಕಾಲಿನ್ ಚಾಪ್‌ಮನ್ 1948ರಲ್ಲಿ ತನ್ನ ಮೊದಲನೆಯ ಕಾರನ್ನು ಕಟ್ಟಿದ್ದು ಹಳೆಯ ಆಸ್ಟಿನ್ ಸೆವೆನ್ನೊಂದರಿಂದ. ನ್ಯೂಜಿಲೆಂಡಿನ ಬ್ರೂಸ್ ಮೆಕ್ಲಾರೆನ್ ಪಂದ್ಯದ ಮೊದಲ ಪಾಠ ಕಲಿತದ್ದೂ ಅಂಥದೇ ಕಾರಿನಲ್ಲಿ. ನಮ್ಮ ದೇಶದಲ್ಲಿ 1950ರ ದಶಕದಿಂದ ಮದರಾಸಿನ ಹತ್ತಿರದ ಶೋಲಾವರಂ ವಿಮಾನದ ಓಡುದಾರಿಯ ಮೇಲೆ ಜನ ಫಿಯೆಟ್ಟು, ಹೆರಾಲ್ಡು, ಅಂಬಾಸಡರುಗಳನ್ನು ಓಡಿಸಿದರು. 1990ರಲ್ಲಿ ಇರುಂಗಾಟ್ಟುಕೋಟೆಯ ಪಂದ್ಯಮಾರ್ಗ ತೆರೆಯಿತು. ಮಾರುತಿ 800ರ 796 ಘನ ಸೆಂಟಿಮೀಟರಿನ ಎಂಜಿನ್ನನ್ನು ಒಂಟಿ ಆಸನದ ಚೌಕಟ್ಟಿನಲ್ಲಿ ಕೂರಿಸಿದ ಫಾರ್ಮುಲಾ ಮಾರುತಿ ಪಂದ್ಯಗಳಲ್ಲಿ ಅನೇಕ ತರುಣರು ಪಳಗಿದರು. ಈಗಂತೂ ನಮ್ಮ ಎಂಜಿನಿಯರಿಂಗ್ ಕಾಲೇಜುಗಳ ವಿದ್ಯಾರ್ಥಿಗಳು ತಾವೇ ಕಟ್ಟಿದ ಪುಟ್ಟ ಪಂದ್ಯದ ಕಾರುಗಳನ್ನು ಅಂತರ ಕಾಲೇಜು ಸ್ಪರ್ಧೆಗಳಿಗೆ ಒಯ್ಯುತ್ತಿದ್ದಾರೆ. ಇವರೆಲ್ಲರಿಗೂ ಸಮಾನವಾದ ಸಂಗತಿ ಒಂದುಂಟು: ಹಣ ಕಡಿಮೆ, ಹುರುಪು ಹೆಚ್ಚು.

ಕ್ಲಚ್ಚಿನ ಕೆಲಸ ಸರಳವಾದದ್ದೇ. ಎಂಜಿನ್ನು ನಿಂತ ಸ್ಥಿತಿಯಿಂದ ತಾನಾಗಿ ಭಾರವನ್ನು ಎಳೆಯಲಾರದು. ಮಿನಿಟಿಗೆ ಸಾವಿರಾರು ಸುತ್ತು ತಿರುಗುತ್ತಿರುವಾಗಲೇ ಅದಕ್ಕೆ ಬಲ. ಗಾಲಿಯಾದರೋ ನಿಂತಿದೆ. ತಿರುಗುವುದನ್ನು ನಿಂತಿರುವುದಕ್ಕೆ ಮುರಿಯದಂತೆ ಜೋಡಿಸಬೇಕಾದರೆ ನಡುವೆ ಜಾರುವ ವಸ್ತುವೊಂದು ಬೇಕು. ಎಂಜಿನ್ನಿನ ತುದಿಯಲ್ಲಿ ಕುಂಬಾರನ ತಿಗರಿಯಂತೆ ಭಾರವಾದ ಫ್ಲೈವೀಲು ತಿರುಗುತ್ತದೆ. ಅದರ ಮುಖಕ್ಕೆ ಎದುರಾಗಿ, ಗೇರ್‌ಬಾಕ್ಸಿನ ಅಚ್ಚಿನ ಮೇಲೆ ಹಿಂದೆ ಮುಂದೆ ಸರಿಯಬಲ್ಲ ತೆಳುವಾದ ಕ್ಲಚ್ ಪ್ಲೇಟು. ಅದರ ಎರಡು ಪಕ್ಕಗಳಲ್ಲೂ ಘರ್ಷಣದ ಪದರಗಳು. ಅದನ್ನು ಫ್ಲೈವೀಲಿಗೆ ಒತ್ತಿ ಹಿಡಿಯುವುದು ಸ್ಪ್ರಿಂಗಿನ ಬಲವುಳ್ಳ ಪ್ರೆಷರ್ ಪ್ಲೇಟು. ಪೆಡಲನ್ನು ತುಳಿದಾಗ ರಿಲೀಸ್ ಬೇರಿಂಗು ಮುಂದೆ ಸರಿದು ಸ್ಪ್ರಿಂಗನ್ನು ಹಿಮ್ಮೆಟ್ಟಿಸುತ್ತದೆ, ಮೂರೂ ಬಿಡಿಬಿಡಿಯಾಗುತ್ತವೆ.

ಮೋಟಾರಿನ ಆದಿಯುಗದಲ್ಲಿ ಘರ್ಷಣಕ್ಕಾಗಿ ಬಳಸುತ್ತಿದ್ದುದು ತೊಗಲನ್ನು. ಶಂಕುವಿನಾಕಾರದ ಲೋಹದ ಭಾಗಕ್ಕೆ ತೊಗಲು ಹೊದಿಸಿ, ಅದನ್ನು ಅದೇ ಆಕಾರದ ಗುಳಿಯೊಳಗೆ ಅದುಮುತ್ತಿದ್ದರು. ತೊಗಲು ಜಾರತೊಡಗಿದರೆ ಮಡಿವಾಳಮಣ್ಣಿನಂಥ ಒಂದು ಪುಡಿಯನ್ನು ಉದುರಿಸುವುದು, ಒಣಗಿ ಬಿರುಸಾಗಿ ಹಿಡಿದರೆ ಎಣ್ಣೆ ಸವರುವುದು, ಇದೇ ಅಂದಿನ ಚಾಲಕನ ವೈದ್ಯ. ಇಂದಿನ ಹವ್ಯಾಸಿ ಈ ಕಥೆಯನ್ನು ಓದಿ ನಗಬಹುದು. ಆದರೆ ಆ ಮುದುಕ ಚಾಲಕನಿಗೆ ಕ್ಲಚ್ಚಿನ ಪ್ರಕೃತಿ ಗೊತ್ತಿತ್ತು. ನಗುವವರಲ್ಲಿ ಎಷ್ಟು ಮಂದಿಗೆ ಅದು ಗೊತ್ತಿದೆಯೆಂಬುದು ನಮ್ಮ ಸಂದೇಹ.

ಈಗ ಲೆಕ್ಕಕ್ಕೆ ಬರೋಣ. ಕ್ಲಚ್ಚು ಜಾರದೆ ಸಾಗಿಸಬಲ್ಲ ತಿರುಚು ಬಲ ನಾಲ್ಕು ಸಂಗತಿಗಳ ಗುಣಲಬ್ಧ: ಘರ್ಷಣದ ಮುಖಗಳ ಸಂಖ್ಯೆ, ಘರ್ಷಣ ಗುಣಾಂಕ, ಸ್ಪ್ರಿಂಗು ಒತ್ತುವ ಬಲ, ಮತ್ತು ಪದರದ ಸರಾಸರಿ ತ್ರಿಜ್ಯ. ಪದರದ ವಿಸ್ತೀರ್ಣ ಈ ಸೂತ್ರದಲ್ಲಿ ಎಲ್ಲಿಯೂ ಇಲ್ಲವೆಂಬುದನ್ನು ವಿದ್ಯಾರ್ಥಿಗಳು ಗಮನಿಸಬೇಕು; ವಿಸ್ತೀರ್ಣ ಹೆಚ್ಚಾದರೆ ಸವೆತ ಕಡಿಮೆಯಾದೀತು, ಶಾಖ ಹರಡೀತು, ಆದರೆ ಹಿಡಿತ ಹೆಚ್ಚಾಗದು. ಒಂದು ಉದಾಹರಣೆ. ನಮ್ಮ ಹವ್ಯಾಸಿಯ ಬಳಿ 1,300 ಘನ ಸೆಂಟಿಮೀಟರಿನ, ಸ್ವಲ್ಪ ತಿದ್ದಿದ ಎಂಜಿನ್ನಿದೆ. ಅದರ ಗರಿಷ್ಠ ತಿರುಚು ಬಲ 120 ನ್ಯೂಟನ್ ಮೀಟರ್ ಎಂದಿಟ್ಟುಕೊಳ್ಳೋಣ. ಪ್ಲೇಟಿನ ಹೊರವ್ಯಾಸ 200 ಮಿಲಿಮೀಟರು, ಒಳವ್ಯಾಸ 130. ಸರಾಸರಿ ತ್ರಿಜ್ಯ 82.5 ಮಿಲಿಮೀಟರು. ಮುಖಗಳು ಎರಡು. ಸಾಧಾರಣ ಪದರದ ಘರ್ಷಣ ಗುಣಾಂಕವನ್ನು 0.3 ಎಂದು ಹಿಡಿಯಬಹುದು. ಪದರ ಬಿಸಿಯಾದಾಗಲೂ ಸವೆದಾಗಲೂ ಹಿಡಿತ ತಗ್ಗುವುದರಿಂದ, ಎಂಜಿನ್ನಿನ ಬಲಕ್ಕಿಂತ ಶೇಕಡ ನಲವತ್ತರಷ್ಟು ಹೆಚ್ಚಿಗೆ, ಎಂದರೆ 168 ನ್ಯೂಟನ್ ಮೀಟರನ್ನು ಗುರಿಯಾಗಿ ಇಟ್ಟುಕೊಂಡರೆ, ಸ್ಪ್ರಿಂಗು ಒತ್ತಬೇಕಾದ ಬಲ ಸುಮಾರು 3,400 ನ್ಯೂಟನ್ನು. ಮೂರೂವರೆ ಕ್ವಿಂಟಲು ತೂಕದಷ್ಟು. ಕಾರನ್ನು ತಯಾರಿಸಿದವರು ಮೊದಲೇ ಕೊಟ್ಟಿರುವ ಕ್ಲಚ್ಚು ಅನೇಕ ವೇಳೆ ಈ ಗುರಿಗೆ ಬಹಳ ಹತ್ತಿರದಲ್ಲಿಯೇ ಇರುತ್ತದೆ. ಹೊಸ ಪ್ಲೇಟು, ಕೊಂಚ ಗಡಸು ಸ್ಪ್ರಿಂಗಿನ ಕವರು, ಇಷ್ಟರಿಂದಲೇ ಕೆಲಸವಾಗುವಾಗ ಎರಡುಪಟ್ಟು ಮೂರುಪಟ್ಟು ಬಲದ ಕ್ಲಚ್ಚನ್ನು ತಂದು ಜೋಡಿಸುವುದು ಮೂಗಿಗಿಂತ ಮೂಗುತಿ ಭಾರವೆಂಬಂತೆ.

ಭಾರವಾದರೇನು, ಜಾರುವುದಿಲ್ಲವಲ್ಲ ಎಂದು ಕೇಳುವವರಿದ್ದಾರೆ. ಜಾರದಿರುವುದೇ ದೋಷ. ಪಂದ್ಯದ ಆರಂಭದಲ್ಲಿ ಚಾಲಕನು ಪೆಡಲನ್ನು ಥಟ್ಟನೆ ಬಿಟ್ಟಾಗ, ಎಂಜಿನ್ನಿನ ಬಲವೊಂದೇ ಅಲ್ಲ, ವೇಗವಾಗಿ ತಿರುಗುತ್ತಿರುವ ಫ್ಲೈವೀಲಿನಲ್ಲಿ ಶೇಖರವಾಗಿದ್ದ ಚೈತನ್ಯವೂ ಒಂದೇ ಸಲ ಮುಂದಕ್ಕೆ ನುಗ್ಗುತ್ತದೆ. ಆ ಕ್ಷಣದ ತಿರುಚು ಬಲ ಎಂಜಿನ್ನಿನ ಗರಿಷ್ಠ ಬಲದ ಹಲವು ಪಟ್ಟು ಆಗಬಹುದು. ಗೇರ್‌ಬಾಕ್ಸಿಗೆ ಅದರಲ್ಲಿ ಎಷ್ಟು ತಲುಪುತ್ತದೆ? ಕ್ಲಚ್ಚು ಎಷ್ಟನ್ನು ಬಿಟ್ಟುಕೊಡಬಲ್ಲುದೋ ಅಷ್ಟು ಮಾತ್ರ. 168ರ ಕ್ಲಚ್ಚು 168ಕ್ಕೆ ಜಾರಿ ಉಳಿದದ್ದನ್ನು ಶಾಖವಾಗಿ ಕಳೆಯುತ್ತದೆ. 400ರ ಕ್ಲಚ್ಚು 400ನ್ನೂ ಹಾಯಿಸಿಬಿಡುತ್ತದೆ. ಮನೆಯ ವಿದ್ಯುತ್ತಿನ ಫ್ಯೂಸು ಪದೇ ಪದೇ ಕರಗುತ್ತದೆಂದು ಅದರ ಸ್ಥಾನದಲ್ಲಿ ದಪ್ಪ ಮೊಳೆಯನ್ನಿಟ್ಟವನು ಫ್ಯೂಸನ್ನೇನೋ ಉಳಿಸುತ್ತಾನೆ, ಮನೆಯನ್ನು ಕಳೆದುಕೊಳ್ಳುತ್ತಾನೆ. ಹೀಗೆಯೇ ಬಲಿಷ್ಠ ಕ್ಲಚ್ಚಿನವನು ಗೇರಿನ ಹಲ್ಲನ್ನೋ, ಹಿಂದಿನ ಅಚ್ಚನ್ನೋ, ಡಿಫರೆನ್ಷಿಯಲನ್ನೋ ಬಲಿ ಕೊಡುತ್ತಾನೆ. ಕ್ಲಚ್ ಪ್ಲೇಟಿನ ಬೆಲೆಯನ್ನೂ ಗೇರ್‌ಬಾಕ್ಸಿನ ಬೆಲೆಯನ್ನೂ ಹೋಲಿಸಿ ನೋಡುವ ಕೆಲಸವನ್ನು ವಾಚಕರಿಗೇ ಬಿಡುತ್ತೇವೆ. ಇದಲ್ಲದೆ ಸ್ಪ್ರಿಂಗು ಗಡುಸಾದಷ್ಟೂ ಪೆಡಲು ಗಡುಸಾಗುತ್ತದೆ. ಪೆಡಲನ್ನು ತುಳಿದಾಗಲೆಲ್ಲ ಕ್ರ್ಯಾಂಕ್‌ಷಾಫ್ಟನ್ನು ಅದರ ಉದ್ದದ ದಿಕ್ಕಿನಲ್ಲಿ ನೂಕುವ ಬಲವೂ ಹೆಚ್ಚಿ, ಅದನ್ನು ತಡೆಯುವ ಥ್ರಸ್ಟ್ ಬೇರಿಂಗು ಬೇಗ ಸವೆಯುತ್ತದೆ.

ಇನ್ನು ಶಾಖದ ವಿಷಯ. ಇಲ್ಲಿ ಒಂದು ಸುಂದರವಾದ ಸತ್ಯವಿದೆ. ಕಾಲೇಜಿನ ವಿದ್ಯಾರ್ಥಿಗಳು ಕಲನಗಣಿತದಿಂದ ತಾವೇ ಸಾಧಿಸಿ ನೋಡಬಹುದು. ಎಂಜಿನ್ನಿನ ವೇಗವನ್ನು ಸ್ಥಿರವಾಗಿಟ್ಟು ಕಾರನ್ನು ನಿಂತಲ್ಲಿಂದ ಹೊರಡಿಸಿದರೆ, ಕ್ಲಚ್ಚು ಪೂರ್ತಿ ಹಿಡಿಯುವ ಹೊತ್ತಿಗೆ ಕಾರು ಎಷ್ಟು ಚಲನಶಕ್ತಿಯನ್ನು ಪಡೆದಿರುತ್ತದೆಯೋ ಸರಿಯಾಗಿ ಅಷ್ಟೇ ಶಕ್ತಿ ಕ್ಲಚ್ಚಿನಲ್ಲಿ ಶಾಖವಾಗಿರುತ್ತದೆ. ಪೆಡಲನ್ನು ನಿಧಾನವಾಗಿ ಬಿಟ್ಟರೂ ಅಷ್ಟೆ, ಬೇಗ ಬಿಟ್ಟರೂ ಅಷ್ಟೆ. ಕ್ಲಚ್ಚು ದುಬಾರಿಯದಾದರೂ ಅಷ್ಟೆ, ಅಗ್ಗದ್ದಾದರೂ ಅಷ್ಟೆ. ಚಾಲಕನೂ ಸೇರಿ 700 ಕಿಲೋಗ್ರಾಂ ತೂಗುವ ಕಾರು, ಕ್ಲಚ್ಚು ಹಿಡಿಯುವ ಹೊತ್ತಿಗೆ ಗಂಟೆಗೆ 36 ಕಿಲೋಮೀಟರ್ ವೇಗದಲ್ಲಿದ್ದರೆ, ಆ ಶಾಖ 35,000 ಜೂಲು. ಇದರಲ್ಲಿ ಅರ್ಧವನ್ನು 3 ಕಿಲೋಗ್ರಾಮಿನ ಎರಕದ ಕಬ್ಬಿಣದ ಪ್ರೆಷರ್ ಪ್ಲೇಟು ಹೀರಿಕೊಂಡಿತೆಂದರೆ ಅದರ ಉಷ್ಣತೆ ಏರುವುದು ಹನ್ನೆರಡು ಡಿಗ್ರಿ ಸೆಂಟಿಗ್ರೇಡಿನಷ್ಟು. ಉಜ್ಜುವ ಮೇಲ್ಮೈ ಮಾತ್ರ ಕ್ಷಣಕಾಲ ಇದಕ್ಕಿಂತ ಬಹುಪಾಲು ಹೆಚ್ಚು ಕಾಯುತ್ತದೆ, ನಿಜ. ಆದರೂ ಒಂದು ಆರಂಭದಿಂದ ಯಾವ ಒಳ್ಳೆಯ ಕ್ಲಚ್ಚೂ ಸಾಯುವುದಿಲ್ಲ. ಸಾಯುವುದು, ಆರಿಸಿಕೊಳ್ಳಲು ಬಿಡುವು ಕೊಡದೆ ಒಂದರ ಹಿಂದೊಂದರಂತೆ ಆರಂಭದ ಅಭ್ಯಾಸ ಮಾಡಿದಾಗ.

ಇದಕ್ಕಿಂತ ಮೋಸದ ಕೊಲೆಗಾರ ಇನ್ನೊಂದಿದೆ. ಅದೇ ಕಾರು ಮಿನಿಟಿಗೆ 5,500 ಸುತ್ತಿನಲ್ಲಿ ಪೂರ್ಣ ಬಲದಿಂದ ಓಡುತ್ತಿದೆ, ಕ್ಲಚ್ಚು ಶೇಕಡ ಐದರಷ್ಟು ಮಾತ್ರ ಜಾರುತ್ತಿದೆ ಎಂದು ಭಾವಿಸಿರಿ. ಚಾಲಕನಿಗೆ ಇದು ತಿಳಿಯುವುದೇ ಕಷ್ಟ. ಎಂಜಿನ್ನು ಕೊಡುವ 69 ಕಿಲೋವಾಟಿನಲ್ಲಿ ಶೇಕಡ ಐದು ಎಂದರೆ ಸೆಕೆಂಡಿಗೆ 3,450 ಜೂಲು. ಹತ್ತು ಸೆಕೆಂಡಿನಲ್ಲಿ ಒಂದು ಪೂರ್ತಿ ಆರಂಭದ ಶಾಖ! ಪಂದ್ಯದುದ್ದಕ್ಕೂ ಹತ್ತು ಸೆಕೆಂಡಿಗೊಮ್ಮೆ ಕಾರನ್ನು ನಿಲ್ಲಿಸಿ ಹೊರಡಿಸಿದಂತಾಯಿತು. ಜಾರಿದ್ದರಿಂದ ಬಿಸಿ, ಬಿಸಿಯಿಂದ ಘರ್ಷಣ ಕಡಿಮೆ, ಅದರಿಂದ ಮತ್ತಷ್ಟು ಜಾರುವಿಕೆ. ಆದುದರಿಂದ ಕ್ಲಚ್ಚಿನ ಬಲ ಎಂಜಿನ್ನಿಗಿಂತ ಕಡಿಮೆಯಾಗಲೂ ಕೂಡದು, ಮಿತಿಮೀರಿ ಹೆಚ್ಚಾಗಲೂ ಕೂಡದು. ಪರೀಕ್ಷೆ ಸುಲಭ: ಮೇಲಿನ ಗೇರಿನಲ್ಲಿ ಮಧ್ಯಮ ವೇಗದಲ್ಲಿ ಹೋಗುತ್ತಿರುವಾಗ ಆಕ್ಸಿಲರೇಟರನ್ನು ಪೂರ್ತಿ ಒತ್ತಿ, ಸುತ್ತುಗಳ ಮುಳ್ಳು ಕಾರಿನ ವೇಗಕ್ಕಿಂತ ಮುಂದೆ ಓಡುತ್ತದೆಯೇ ನೋಡುವುದು.

ಪದರದ ವಸ್ತುವಿನ ವಿಚಾರದಲ್ಲಿ ಅಂಗಡಿಕಾರರ ಮಾತುಗಾರಿಕೆ ಬಹಳ. ಸಾಧಾರಣ ಪದರವೆಂದರೆ ಗಾಜಿನ ಎಳೆ, ಅರಮಿಡ್ ಎಳೆ, ತಾಮ್ರದ ತಂತಿ ಮೊದಲಾದವನ್ನು ರಾಳದಿಂದ ಬೆಸೆದದ್ದು. ಇದು ಮೆತ್ತಗೆ ಹಿಡಿಯುತ್ತದೆ, ಫ್ಲೈವೀಲನ್ನು ತಿನ್ನುವುದಿಲ್ಲ. ಆದರೆ ಇನ್ನೂರು ಇನ್ನೂರೈವತ್ತು ಡಿಗ್ರಿಗಳಾಚೆ ರಾಳ ಸೋಲತೊಡಗುತ್ತದೆ. ಎರಡನೆಯದು ಲೋಹದ ಪುಡಿಯನ್ನೂ ಪಿಂಗಾಣಿಯಂಥ ಗಟ್ಟಿ ಕಣಗಳನ್ನೂ ಒತ್ತಿ ಸುಟ್ಟು ಮಾಡಿದ ಬಿಲ್ಲೆಗಳನ್ನು ಮೂರು, ನಾಲ್ಕು ಅಥವಾ ಆರು ತೋಳುಗಳ ಮೇಲೆ ಕೂರಿಸಿದ್ದು. ಇದು ಬಹಳ ಶಾಖವನ್ನು ತಾಳುತ್ತದೆ. ಅದರೊಂದಿಗೆ ಥಟ್ಟನೆ ಕಚ್ಚುತ್ತದೆ, ಫ್ಲೈವೀಲಿನ ಮುಖವನ್ನು ಕೆರೆಯುತ್ತದೆ. ಇದನ್ನು ನಾವು ನಿಂದಿಸುತ್ತಿಲ್ಲ. ಲೆಕ್ಕ ಮಾಡಿದಾಗ ಎಂಜಿನ್ನಿನ ಬಲಕ್ಕೆ ಸಾಧಾರಣ ಪದರ ಸಾಲದೆಂದು ಖಚಿತವಾದರೆ, ಅಥವಾ ಪಂದ್ಯದ ಸ್ವರೂಪವೇ ಮೇಲಿಂದ ಮೇಲೆ ಆರಂಭಗಳನ್ನು ಬೇಡುವಂಥದಾದರೆ, ಇದನ್ನೇ ಹಾಕಬೇಕು. ಆದರೆ ವರ್ಷಕ್ಕೆ ನಾಲ್ಕೈದು ಪಂದ್ಯಗಳಿಗೆ ಹೋಗಿ, ಉಳಿದ ದಿನಗಳಲ್ಲಿ ಅದೇ ಕಾರನ್ನು ಪೇಟೆಯ ಸಂದಣಿಯಲ್ಲಿ ನಡೆಸುವವನಿಗೆ ಇದು ಹೇಳಿಸಿದ್ದಲ್ಲ. ನಡುಭಾಗದಲ್ಲಿ ಪುಟ್ಟ ಸ್ಪ್ರಿಂಗುಗಳಿಲ್ಲದ ಪಂದ್ಯದ ಪ್ಲೇಟಿನ ವಿಷಯವೂ ಹೀಗೆಯೇ. ಆ ಸ್ಪ್ರಿಂಗುಗಳು ಅಲಂಕಾರಕ್ಕಾಗಿ ಇಟ್ಟವಲ್ಲ, ಎಂಜಿನ್ನಿನ ಮಿಡಿತವು ಗೇರುಗಳ ಹಲ್ಲಿಗೆ ಬಡಿಯದಂತೆ ತಡೆಯುವುದು ಅವುಗಳ ಕೆಲಸ.

ದೊಡ್ಡ ಪಂದ್ಯಗಳ ಕಾರುಗಳಲ್ಲಿ ಅಂಗೈಯಗಲದ ಕ್ಲಚ್ಚಿನೊಳಗೆ ಎರಡು ಮೂರು ಪ್ಲೇಟುಗಳನ್ನು ಅಡುಕಿರುವುದನ್ನು ಚಿತ್ರಗಳಲ್ಲಿ ಕಂಡು ಮರುಳಾಗುವವರಿದ್ದಾರೆ. ಅದರ ಗುಟ್ಟು ಇಷ್ಟೇ: ಒಂದೇ ದಪ್ಪದ ಬಿಲ್ಲೆಯ ಜಡತ್ವದ ಭ್ರಾಮಕ ತ್ರಿಜ್ಯದ ನಾಲ್ಕನೆಯ ಘಾತವನ್ನು ಅನುಸರಿಸುತ್ತದೆ. 200 ಮಿಲಿಮೀಟರಿನ ಪ್ಲೇಟಿಗೆ ಬದಲಾಗಿ 140ರದನ್ನು ಹಾಕಿದರೆ ಜಡತ್ವ ಕಾಲುಭಾಗಕ್ಕೆ ಇಳಿಯುತ್ತದೆ. ಕಳೆದುಕೊಂಡ ಹಿಡಿತವನ್ನು ಮುಖಗಳ ಸಂಖ್ಯೆಯನ್ನು ಹೆಚ್ಚಿಸಿ ಪಡೆಯಬಹುದು. ಎಂಜಿನ್ನು ಬೇಗ ಏರಿ ಬೇಗ ಇಳಿಯುತ್ತದೆ. ಬೆಲೆ ಮಾತ್ರ ಇಳಿಯುವುದಿಲ್ಲ.

ವಿದ್ಯಾರ್ಥಿಗಳ ಕಾರಿನ ಸಂಗತಿ ಸ್ವಲ್ಪ ಬೇರೆ. 1981ರಲ್ಲಿ ಅಮೆರಿಕದಲ್ಲಿ ಆರಂಭವಾದ ಕಾಲೇಜು ಸ್ಪರ್ಧೆಯ ಮಾದರಿಯಲ್ಲಿ ನಡೆಯುವ ಈ ಪಂದ್ಯಗಳಲ್ಲಿ ಎಂಜಿನ್ನು 710 ಘನ ಸೆಂಟಿಮೀಟರನ್ನು ಮೀರಕೂಡದಾದ್ದರಿಂದ ಬಹುಮಂದಿ ಮೋಟಾರ್ ಸೈಕಲ್ಲಿನ ಎಂಜಿನ್ನನ್ನು ಬಳಸುತ್ತಾರೆ. ಅದರ ಕ್ಲಚ್ಚು ಸಾಮಾನ್ಯವಾಗಿ ಎಂಜಿನ್ನಿನ ಎಣ್ಣೆಯಲ್ಲಿಯೇ ಮುಳುಗಿರುವ ಹಲವು ಪ್ಲೇಟುಗಳ ಕಟ್ಟು. ಎಣ್ಣೆ ಘರ್ಷಣವನ್ನು ಕಡಿಮೆ ಮಾಡುತ್ತದೆ. ಪ್ಲೇಟುಗಳು ಹಲವಾಗಿರುವುದರಿಂದ ನಷ್ಟ ತುಂಬಿಬರುತ್ತದೆ, ಎಣ್ಣೆಯೇ ಶಾಖವನ್ನೂ ಒಯ್ಯುತ್ತದೆ. ಇಲ್ಲಿ ಒಂದು ಎಚ್ಚರಿಕೆ ಸಾಕು. ಕಾರುಗಳಿಗಾಗಿ ತಯಾರಿಸಿದ ಅತಿ ನುಣುಪಿನ ಎಣ್ಣೆಗಳಲ್ಲಿ ಘರ್ಷಣವನ್ನು ತಗ್ಗಿಸುವ ರಾಸಾಯನಿಕಗಳು ಬೆರೆತಿರುತ್ತವೆ. ಅವನ್ನು ಇಂಥ ಎಂಜಿನ್ನಿಗೆ ಸುರಿದರೆ ಕ್ಲಚ್ಚು ಜಾರೀತು. ಡಬ್ಬಿಯ ಮೇಲೆ ಜಾಸೋ ಎಂ.ಎ. ಎಂಬ ಗುರುತನ್ನು ನೋಡಿ ಕೊಳ್ಳಬೇಕು. ಮುನ್ನೂರು ಕಿಲೋಗ್ರಾಮಿನ ಕಾರನ್ನು ಎಳೆಯುವ ಆ ಕ್ಲಚ್ಚು, ಅದರ ಅರ್ಧದಷ್ಟು ತೂಗುವ ಸೈಕಲ್ಲಿಗಾಗಿ ಹುಟ್ಟಿದ್ದೆಂಬುದನ್ನೂ ಮರೆಯಬಾರದು.

ಇಷ್ಟರವರೆಗೆ ಹಣದ ಮಾತಾಯಿತು. ಈಗ ಕಾಲಿನ ಮಾತು. ಕ್ಲಚ್ಚು ಇರುವುದು ಅನೇಕ ಕಾರುಗಳಲ್ಲಿ ಚಾಲಕನ ಪಾದಗಳ ಪಕ್ಕದಲ್ಲಿ ಎಂಬುದನ್ನು ಯೋಚಿಸಿದವರು ಕಡಿಮೆ. 280 ಮಿಲಿಮೀಟರ್ ವ್ಯಾಸದ ಫ್ಲೈವೀಲು ಮಿನಿಟಿಗೆ 7,000 ಸುತ್ತು ತಿರುಗುವಾಗ ಅದರ ಅಂಚು ಗಂಟೆಗೆ 370 ಕಿಲೋಮೀಟರಿನಷ್ಟು ವೇಗದಲ್ಲಿ ಓಡುತ್ತಿರುತ್ತದೆ. ಅಲ್ಲಿಂದ 200 ಗ್ರಾಮಿನ ಚೂರೊಂದು ಸಿಡಿದರೆ ಅದರ ಶಕ್ತಿ ಒಂದು ಸಾವಿರ ಜೂಲಿಗೂ ಮಿಗಿಲು. ಒಂದು ಕ್ವಿಂಟಲಿನ ಮೂಟೆ ಒಂದು ಮೀಟರು ಎತ್ತರದಿಂದ ಬಿದ್ದಂತೆ, ಆದರೆ ಕೊಡಲಿಯ ಬಾಯಿಯಷ್ಟು ಜಾಗದ ಮೇಲೆ. ತಿರುಗುವ ವಸ್ತುವಿನೊಳಗಣ ಸೆಳೆತ ವೇಗದ ವರ್ಗವನ್ನು ಅನುಸರಿಸುತ್ತದೆಂಬುದು ಎಲ್ಲರೂ ಕಲಿತ ಪಾಠವೇ. ಆದರೂ ಕಾರಿನೊಡನೆ ಬಂದ ಎರಕದ ಕಬ್ಬಿಣದ ಫ್ಲೈವೀಲನ್ನು ಲೇತಿನ ಮೇಲೇರಿಸಿ ತೂಕ ಇಳಿಸಿ, ಅದೇ ಫ್ಲೈವೀಲನ್ನು ಮೊದಲಿಗಿಂತ ಹೆಚ್ಚು ವೇಗದಲ್ಲಿ ತಿರುಗಿಸುವ ಹವ್ಯಾಸಿಗಳಿದ್ದಾರೆ. ಎರಕದ ಕಬ್ಬಿಣ ಎಳೆತಕ್ಕೆ ದುರ್ಬಲ. ಸಾಲದ್ದಕ್ಕೆ ಕ್ಲಚ್ಚಿನ ಶಾಖದಿಂದ ಅದರ ಮುಖದಲ್ಲಿ ಕೂದಲೆಳೆಯ ಬಿರುಕುಗಳು ಹುಟ್ಟಿರುತ್ತವೆ. ತೂಕ ಕಡಿಮೆ ಮಾಡಲೇಬೇಕೆಂದರೆ ಉಕ್ಕಿನ ಫ್ಲೈವೀಲನ್ನು ಮಾಡಿಸಿ, ಸಮತೋಲ ನೋಡಿಸಿ ಹಾಕತಕ್ಕದ್ದು. ಹಣವಿಲ್ಲದಿದ್ದರೆ ಇದ್ದದ್ದನ್ನು ಇದ್ದಂತೆ ಬಿಡತಕ್ಕದ್ದು. ಇದರಲ್ಲಿ ಮಧ್ಯಮಾರ್ಗವಿಲ್ಲವೆಂದು ನಾವು ಖಂಡಿತವಾಗಿ ಹೇಳುತ್ತೇವೆ.

ಇನ್ನೊಂದು ಅಪಾಯ ಇದಕ್ಕಿಂತ ಗುಪ್ತವಾದದ್ದು. ಪೆಡಲನ್ನು ತುಳಿದಿರುವಾಗ ಕ್ಲಚ್ ಪ್ಲೇಟು ಎಂಜಿನ್ನಿಗೆ ಸೇರಿದ್ದಲ್ಲ, ಗಾಲಿಗಳಿಗೆ ಸೇರಿದ್ದು. ನಾಲ್ಕನೆಯ ಗೇರಿನಲ್ಲಿ 6,000 ಸುತ್ತಿನಲ್ಲಿ ಹೋಗುತ್ತಿದ್ದ ಚಾಲಕನು ಮೂರನೆಯದಕ್ಕೆ ಹೋಗುವ ಬದಲು ಗಲಿಬಿಲಿಯಲ್ಲಿ ಎರಡನೆಯದಕ್ಕೆ ಕೋಲನ್ನು ನೂಕಿದನೆನ್ನಿ. ಎರಡು ಗೇರುಗಳ ನಡುವಣ ಅನುಪಾತ 1.9 ಆಗಿದ್ದರೆ, ಅವನು ಪೆಡಲನ್ನು ಇನ್ನೂ ಬಿಡದಿರುವಾಗಲೇ, ಎಂಜಿನ್ನಿಗೆ ಯಾವ ತೊಂದರೆಯೂ ಆಗದಿರುವಾಗಲೇ, ಕ್ಲಚ್ ಪ್ಲೇಟು 11,400 ಸುತ್ತಿಗೆ ಏರಿಬಿಟ್ಟಿರುತ್ತದೆ. ಆಗ ಪದರದ 10 ಗ್ರಾಮಿನ ತುಣುಕನ್ನು ಹೊರಕ್ಕೆ ಎಳೆಯುವ ಬಲ 120 ಕಿಲೋಗ್ರಾಂ ತೂಕಕ್ಕೆ ಸಮ. ರಿವೆಟ್ಟುಗಳು ಹರಿಯುತ್ತವೆ, ಪದರ ಚೂರುಚೂರಾಗಿ ಬೆಲ್ ಹೌಸಿಂಗನ್ನು ತುಂಬುತ್ತದೆ. ನಾನು ಎಂಜಿನ್ನನ್ನು ಮಿತಿಮೀರಿ ಓಡಿಸಲೇ ಇಲ್ಲ, ಪ್ಲೇಟು ಹೇಗೆ ಒಡೆಯಿತು ಎಂದು ಕೇಳುವವರಿಗೆ ಉತ್ತರ ಇಲ್ಲಿದೆ.

1970ರ ಮಾರ್ಚ್ 8ರಂದು ಅಮೆರಿಕದ ಕ್ಯಾಲಿಫೋರ್ನಿಯದ ಲಯನ್ಸ್ ಪಂದ್ಯಮಾರ್ಗದಲ್ಲಿ, ಡಾನ್ ಗಾರ್ಲಿಟ್ಸ್ ಎಂಬ ಪ್ರಸಿದ್ಧ ಪಂದ್ಯಗಾರನ ಕಾರಿನ ಗೇರ್‌ಬಾಕ್ಸು ಆರಂಭದಲ್ಲಿಯೇ ಸಿಡಿದು, ಅವನ ಬಲಪಾದದ ಒಂದು ಭಾಗವನ್ನು ಕತ್ತರಿಸಿಕೊಂಡು ಹೋಯಿತು. ಅಲ್ಲಿ ಒಡೆದದ್ದು ಕ್ಲಚ್ಚಲ್ಲ. ಆದರೆ ಪಾಠ ಒಂದೇ. ಗಾರ್ಲಿಟ್ಸ್ ಆಸ್ಪತ್ರೆಯ ಹಾಸಿಗೆಯಲ್ಲಿ ಕೈಕಟ್ಟಿ ಮಲಗಲಿಲ್ಲ. ಎಂಜಿನ್ನನ್ನೂ ಅದರ ಹಿಂದಿನ ಯಂತ್ರಗಳನ್ನೂ ಚಾಲಕನ ಬೆನ್ನ ಹಿಂದಿಟ್ಟ ಹೊಸ ಕಾರನ್ನು ಕಟ್ಟಿ 1971ರಲ್ಲಿ ಗೆದ್ದನು. ನಮ್ಮ ಹವ್ಯಾಸಿ ಎಂಜಿನ್ನಿನ ಸ್ಥಾನವನ್ನು ಬದಲಿಸಲಾರನು. ಆದರೆ ಬೆಲ್ ಹೌಸಿಂಗಿನ ಸುತ್ತ ಉಕ್ಕಿನ ಕವಚವೊಂದನ್ನು ಕೂರಿಸಬಲ್ಲನು. ವಿದ್ಯಾರ್ಥಿಗಳ ಸ್ಪರ್ಧೆಯ ನಿಯಮಗಳು ಸರಪಳಿಯ ಮೇಲೆ ಕನಿಷ್ಠ 2.66 ಮಿಲಿಮೀಟರ್ ದಪ್ಪದ ಉಕ್ಕಿನ ಕವಚವನ್ನು ಕೇಳುತ್ತವೆ. ಸರಪಳಿಗೇ ಇಷ್ಟಾದರೆ ಫ್ಲೈವೀಲಿಗೆ ಎಷ್ಟಿರಬೇಕು! ದುಬಾರಿ ಕ್ಲಚ್ಚಿಗೆ ಸುರಿಯುವ ಹಣದಲ್ಲಿ ಅರ್ಧವನ್ನಾದರೂ ಈ ಕವಚಕ್ಕೆ ಮೀಸಲಿಡಬೇಕೆಂಬುದು ಈ ಲೇಖನದಲ್ಲಿ ನಾವು ಮಾಡುವ ಮುಖ್ಯ ಒತ್ತಾಯ.

ಕ್ಲಚ್ಚನ್ನು ಬದಲಾಯಿಸುವ ಕೆಲಸವನ್ನು ಹವ್ಯಾಸಿ ತಾನೇ ಮಾಡಬೇಕೆಂದೂ ನಾವು ಹೇಳುತ್ತೇವೆ. ಕೂಲಿ ಉಳಿಯುತ್ತದೆಂದಲ್ಲ, ಬಿಚ್ಚಿದ ಕ್ಲಚ್ಚು ತನ್ನ ಕಥೆಯನ್ನು ತಾನೇ ಹೇಳುತ್ತದೆ, ಅದನ್ನು ಕೇಳಬೇಕಾದವನು ಕಾರನ್ನು ಓಡಿಸಿದವನು. ಮೊದಲು ಬ್ಯಾಟರಿಯ ತಂತಿ ಕಳಚಿ, ಕಾರನ್ನು ಭದ್ರವಾದ ಸ್ಟ್ಯಾಂಡುಗಳ ಮೇಲೆ ನಿಲ್ಲಿಸಬೇಕು. ಜಾಕಿನ ಮೇಲೆ ನಿಂತ ಕಾರಿನ ಕೆಳಗೆ ನುಸುಳುವವನಿಗೆ ಕ್ಲಚ್ಚಿನ ಚಿಂತೆ ಬಹಳ ದಿನ ಇರಲಾರದು. ಗೇರ್‌ಬಾಕ್ಸನ್ನು ಇಳಿಸುವಾಗ ಅದರ ಭಾರವನ್ನು ಕ್ಲಚ್ ಪ್ಲೇಟಿನ ನಡುತೂತಿನ ಮೇಲೆ ಒಂದು ಕ್ಷಣವೂ ತೂಗಗೊಡಬಾರದು. ತೂಗಿದರೆ ಪ್ಲೇಟು ಸೊಟ್ಟಗಾಗುತ್ತದೆ, ಆಮೇಲೆ ಪೆಡಲನ್ನು ಎಷ್ಟು ತುಳಿದರೂ ಕ್ಲಚ್ಚು ಬಿಡುವುದಿಲ್ಲ. ಕವರನ್ನು ಮತ್ತೆ ಹಾಕುವುದಿದ್ದರೆ ಅದಕ್ಕೂ ಫ್ಲೈವೀಲಿಗೂ ಸೇರಿದಂತೆ ಒಂದು ಗೀಟು ಎಳೆದುಕೊಂಡು, ಬೋಲ್ಟುಗಳನ್ನು ಎದುರುಬದುರಾಗಿ ಒಂದೊಂದು ಸುತ್ತಿನಂತೆ ಸಡಿಲಿಸಬೇಕು.

ಈಗ ಕಥೆ ಓದುವ ಸಮಯ. ಪದರದ ಮೇಲ್ಮೈ ರಿವೆಟ್ಟಿನ ತಲೆಗಿಂತ ಅರ್ಧ ಮಿಲಿಮೀಟರೂ ಎತ್ತರವಿಲ್ಲದಿದ್ದರೆ ಅದರ ಆಯುಸ್ಸು ಮುಗಿಯಿತು. ಇದು ಸಹಜ ಮರಣ. ಪದರ ದಪ್ಪವಾಗಿಯೇ ಇದ್ದು ಕನ್ನಡಿಯಂತೆ ಹೊಳೆಯುತ್ತಿದ್ದರೆ, ಫ್ಲೈವೀಲಿನ ಮೇಲೆ ನೀಲಿ ಕಲೆಗಳಿದ್ದರೆ, ಅದು ಬೆಂದದ್ದು. ದೋಷ ಬಲ ಸಾಲದ್ದರದೋ ಚಾಲಕನ ಎಡಗಾಲಿನದೋ ಎಂದು ವಿಚಾರಿಸಬೇಕು. ಎಣ್ಣೆಯ ಜಿಡ್ಡು ಕಂಡರೆ ಕ್ಲಚ್ಚು ನಿರಪರಾಧಿ. ಕ್ರ್ಯಾಂಕ್‌ಷಾಫ್ಟಿನ ಹಿಂದಿನ ಸೀಲೋ, ಗೇರ್‌ಬಾಕ್ಸಿನ ಮುಂದಿನ ಸೀಲೋ ಸೋರುತ್ತಿದೆ. ಅದನ್ನು ಬದಲಾಯಿಸದೆ ಹೊಸ ಪ್ಲೇಟು ಹಾಕುವುದು ತೂತು ಕೊಡಕ್ಕೆ ನೀರು ಹೊತ್ತಂತೆ. ರಿಲೀಸ್ ಬೇರಿಂಗನ್ನೂ, ಫ್ಲೈವೀಲಿನ ನಡುವಣ ಪೈಲಟ್ ಬೇರಿಂಗು ಇದ್ದರೆ ಅದನ್ನೂ, ಚೆನ್ನಾಗಿಯೇ ಕಂಡರೂ ಬದಲಿಸಬೇಕು. ಅಗ್ಗದ ಈ ವಸ್ತುಗಳಿಗಾಗಿ ಗೇರ್‌ಬಾಕ್ಸನ್ನು ಮತ್ತೊಮ್ಮೆ ಇಳಿಸುವುದು ಯಾರಿಗೂ ಬೇಡ.

ಹಳೆಯ ಧೂಳಿನ ವಿಷಯದಲ್ಲಿ ಒಂದು ಮಾತು. ಹಿಂದಿನ ಕಾರುಗಳ ಪದರಗಳಲ್ಲಿ ಕಲ್ನಾರನ್ನು ಬಳಸುತ್ತಿದ್ದರು. ಅದರ ಸೂಕ್ಷ್ಮ ಎಳೆಗಳು ಶ್ವಾಸಕೋಶವನ್ನು ಹೊಕ್ಕು, ದಶಕಗಳಾದ ಮೇಲೆ ಕ್ಯಾನ್ಸರಾಗಿ ಹೊರಬೀಳುತ್ತವೆ. ಬ್ರಿಟನ್ನು ಬಿಳಿ ಕಲ್ನಾರನ್ನೂ 1999ರಲ್ಲಿ ನಿಷೇಧಿಸಿತು. ಹಳೆಯ ಫಿಯೆಟ್ಟನ್ನೋ ಹೆರಾಲ್ಡನ್ನೋ ಬಿಚ್ಚುವವರು ಒಳಗಿನ ಧೂಳನ್ನು ಬಾಯಿಂದಾಗಲಿ ಗಾಳಿಯ ಕೊಳವೆಯಿಂದಾಗಲಿ ಊದಕೂಡದು. ಒದ್ದೆ ಬಟ್ಟೆಯಿಂದ ಒರಸಿ, ಆ ಬಟ್ಟೆಯನ್ನು ಚೀಲದಲ್ಲಿ ಕಟ್ಟಿಡಬೇಕು; ಕೆಲಸದುದ್ದಕ್ಕೂ ತಕ್ಕ ಮುಖವಾಡವಿರಬೇಕು. ಕೆಮ್ಮು ಬರಲಿಲ್ಲವೆಂಬುದು ಸಮಾಧಾನದ ಕಾರಣವಲ್ಲ.

ಜೋಡಿಸುವಾಗ ಪ್ಲೇಟಿನ ಯಾವ ಮುಖ ಫ್ಲೈವೀಲಿನ ಕಡೆಗೆ ಎಂಬುದನ್ನು ಅದರ ಮೇಲಿನ ಗುರುತಿನಿಂದ ತಿಳಿಯಬೇಕು. ತಿರುವುಮುರುವಾಗಿ ಹಾಕಿದರೆ ನಡುಭಾಗದ ಉಬ್ಬು ಫ್ಲೈವೀಲಿಗೆ ತಗಲುತ್ತದೆ. ಪದರಕ್ಕೆ ಜಿಡ್ಡುಗೈ ತಾಕಿಸಬಾರದು. ಅಚ್ಚಿನ ಗೀರುಗಳಿಗೆ ಗ್ರೀಸು ಸವರಬೇಕು, ಆದರೆ ಕಡ್ಡಿಯ ತುದಿಯಲ್ಲಿ ಹಿಡಿಯುವಷ್ಟು ಮಾತ್ರ. ಹೆಚ್ಚಾದದ್ದು ತಿರುಗುವಾಗ ಪದರದ ಮೇಲೆ ಸಿಡಿಯುತ್ತದೆ. ಪ್ಲೇಟನ್ನು ನಡುವಿಗೆ ಸರಿಯಾಗಿ ಕೂರಿಸಲು ಹಳೆಯ ಗೇರ್‌ಬಾಕ್ಸಿನ ಅಚ್ಚೊಂದನ್ನೋ, ಬಡಗಿಯಿಂದ ಕಡೆಯಿಸಿದ ಮರದ ಕೋಲನ್ನೋ ಬಳಸಬಹುದು. ಬೋಲ್ಟುಗಳನ್ನು ಮತ್ತೆ ಎದುರುಬದುರಾಗಿಯೇ, ಟಾರ್ಕ್ ರೆಂಚಿನಿಂದ, ಕಾರಿನ ಕೈಪಿಡಿ ಹೇಳಿದ ಅಳತೆಗೆ ಬಿಗಿಯಬೇಕು. ಕೈಯಂದಾಜು ಇಲ್ಲಿ ಸಲ್ಲದು.

ಪೆಡಲಿಗೂ ರಿಲೀಸ್ ಬೇರಿಂಗಿಗೂ ನಡುವೆ ತಂತಿಯಿರುವ ಕಾರುಗಳಲ್ಲಿ ಪೆಡಲಿನ ಬಳಿ ಹದಿನೈದು ಇಪ್ಪತ್ತು ಮಿಲಿಮೀಟರಿನಷ್ಟು ಸಡಿಲವಿರಲಿ. ಪದರ ಸವೆದಂತೆಲ್ಲ ಈ ಸಡಿಲ ತಾನಾಗಿ ಕಡಿಮೆಯಾಗುತ್ತ ಬಂದು, ಒಂದು ದಿನ ಇಲ್ಲವಾಗುತ್ತದೆ. ಆ ದಿನದಿಂದ ಕ್ಲಚ್ಚು ಅರೆಬರೆಯಾಗಿ ಹಿಡಿಯತೊಡಗುತ್ತದೆ, ನಾವು ಮೇಲೆ ಹೇಳಿದ ಶೇಕಡ ಐದರ ಜಾರುವಿಕೆ ಹೀಗೆಯೇ ಆರಂಭವಾಗುತ್ತದೆ. ಹೊಸ ಸಾಧಾರಣ ಪದರಕ್ಕೆ ನಾಲ್ಕೈದು ನೂರು ಕಿಲೋಮೀಟರಿನ ಸಾವಧಾನದ ಓಡಾಟ ಬೇಕು. ಶುಕ್ರವಾರ ರಾತ್ರಿ ಹಾಕಿದ ಕ್ಲಚ್ಚಿನೊಡನೆ ಭಾನುವಾರದ ಪಂದ್ಯಕ್ಕೆ ಇಳಿಯುವವರು ಪದರದ ಎತ್ತರದ ಚುಕ್ಕೆಗಳನ್ನಷ್ಟೇ ಉಜ್ಜಿ ಸುಡುತ್ತಾರೆ. ಪಂದ್ಯದ ದಿನಾಂಕ ಗೊತ್ತಾದೊಡನೆ ಗೇರ್‌ಬಾಕ್ಸನ್ನು ಇಳಿಸತಕ್ಕ ದಿನವನ್ನೂ ಪಂಚಾಂಗದಲ್ಲಿ ಗುರುತು ಹಾಕಿಕೊಳ್ಳಲಿ; ಎರಡರ ನಡುವೆ ಮೂರು ವಾರಗಳಾದರೂ ಇರಬೇಕು.